ರುದ್ರಣ್ಣನ ಹಣೆಯ ಮೇಲಿನ ಹತ್ತು ಪೈಸೆ

ಗಂಗಕ್ಕ, ರುದ್ರಣ್ಣನ ಹಣೆಗೆ ನಾನು ಅಂಟಿಸಿದ್ದು ಈಜಿಪ್ಟಿನ ನಾಣ್ಯವಲ್ಲ. ನನ್ನ ಕಂಡಕ್ಟರ್ ಚೀಲದಲ್ಲಿದ್ದ ಹತ್ತು ಪೈಸೆ. ನೀವು ಕೊಟ್ಟ ನಾಣ್ಯ ನನ್ನ ಆಲ್ಬಮ್ಮಿನಲ್ಲಿದೆ — ಎಂಟು ವರ್ಷದಿಂದ ಅಲ್ಲೇ ಇದೆ.

ಹೊನ್ನವಳ್ಳಿ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದ ನನಗೆ ನಾಣ್ಯದ ಹುಚ್ಚು ಹಿಡಿಸಿದ್ದೇ ನಿಮ್ಮ ಯಜಮಾನರು ರುದ್ರಣ್ಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಲಾರಿ ಓಡಿಸಲು ಈಜಿಪ್ಟಿಗೆ ಹೋಗಿದ್ದವರು, ಅಲ್ಲಿನ ಚಿಲ್ಲರೆಯನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ಬಂದಿದ್ದರು. ಆ ದೇಶದಲ್ಲಿ ಈಗ ರಾಜನೇ ಇಲ್ಲ. ಆದರೂ ನಾಣ್ಯಗಳ ಮೇಲಿನ, ಕುಚ್ಚಿನ ಟೋಪಿಯ ರಾಜ ನಿಮ್ಮ ಜಗಲಿಯ ಮೇಲೆ ಹರಡಿಕೊಂಡಿರುತ್ತಿದ್ದ. ಸಾವಿರ ಕೈ ದಾಟಿ ಮುಖ ಸವೆದವೂ ಇದ್ದವು. ಒಂದೊಂದಾಗಿ ಎಲ್ಲವನ್ನೂ ನನಗೆ ಕೊಟ್ಟರು. ಹೂವಿನ ಎಸಳಿನಂಥ ಅಂಚಿನ ಎರಡನ್ನು ಮಾತ್ರ ಕೊಡಲಿಲ್ಲ. ನಾನು ನಾಚಿಕೆಬಿಟ್ಟು ಕೇಳುತ್ತಲೇ ಇದ್ದೆ.

"ಅವೆರಡರ ಆಸೆ ಬುಡ್ಲಾ. ನಾ ಹೋದಾಗ ಒಂದು ನನ್ ಹಣೇಗೆ, ಇವಳು ಬರೋವಾಗ ಇನ್ನೊಂದು ಇವಳ ಹಣೇಗೆ. ಅಲ್ಲಿ ಗುರುತು ಸಿಗಬೇಕಲ್ಲಪ್ಪ!" ಎಂದರೊಮ್ಮೆ ರುದ್ರಣ್ಣ.

ನೀವು ಕಾಯಿ ತುರಿಯುತ್ತಿದ್ದಿರಿ. "ಏನ್ ಮಾತು ಅಂತ ಆಡ್ತೀರಿ" ಎಂದು ಅವರನ್ನು ಗದರಿದಿರಿ.

ಸತ್ತವರ ಹಣೆಗೆ ನಾಣ್ಯ ಅಂಟಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ಯಾವ ನಾಣ್ಯ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ರುದ್ರಣ್ಣ ತೀರಿಕೊಂಡ ದಿನ ನಾನು ಡ್ಯೂಟಿಯಿಂದ ನೇರ ಬಂದಿದ್ದೆ. ಚೀಲ ಹೆಗಲಲ್ಲೇ ಇತ್ತು. ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ನೀವು ನಾಣ್ಯವನ್ನು ನನ್ನ ಅಂಗೈಗಿಟ್ಟಿರಿ.

"ನೀನೇ ಅಂಟ್ಸಪ್ಪ. ಬೇರೇರಾದ್ರೆ ರಾಜನ್ನ ತಲೆಕೆಳಗು ಮಾಡ್ಬುಡ್ತಾರೆ."

ಹಿತ್ತಾಳೆ ಬಣ್ಣದ ಹತ್ತು ಪೈಸೆಗೂ ಅದೇ ಎಸಳಿನ ಅಂಚು. ಜನರಿಗೆ ಬೆನ್ನು ಮಾಡಿ ಚೀಲದಿಂದ ಒಂದನ್ನು ತೆಗೆದೆ. ಅಂಟಿಸಿ, ಅಂಕಿ ಕಾಣದಂತೆ ವಿಭೂತಿ ಮೆತ್ತಿದೆ. ಏನೂ ಅನ್ನಿಸಲಿಲ್ಲ — ಹೆದರಿಕೆಯೂ ಇಲ್ಲ, ದುಃಖವೂ ಇಲ್ಲ. ಮಣ್ಣು ಮಾಡಿ ಬಂದು, ಸ್ನಾನ ಮಾಡಿ, ಆಲ್ಬಮ್ಮಿನ ಖಾಲಿ ಜಾಗ ತುಂಬಿಸಿ ಊಟಕ್ಕೆ ಕೂತೆ. ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದು ಹೆಂಡತಿಯ ಮೇಲೆ ರೇಗಿದ್ದೂ ನೆನಪಿದೆ.

ಮೊನ್ನೆ ನಿಮ್ಮನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದರೆಂದು ತಿಳಿದು ನೋಡಲು ಬಂದೆ. ಸೆರಗಿನ ಗಂಟು ಬಿಚ್ಚಿ ಇನ್ನೊಂದು ನಾಣ್ಯ ತೋರಿಸಿದಿರಿ.

"ಅವರ ಹಣೇಲಿರೋದರ ಜೋಡಿ ಕಣಪ್ಪ ಇದು. ನಂಗೂ ನೀನೇ ಅಂಟ್ಸು."

"ಆಗಲಿ ಗಂಗಕ್ಕ" ಎಂದೆ. ಅಂದುಬಿಟ್ಟೆ. ಆಗಲೂ ಏನೂ ಅನ್ನಿಸಲಿಲ್ಲ. ಬಸ್ ಹತ್ತಿ ಕೂತ ಮೇಲೆ ಬೆರಳ ತುದಿ ಮಾತ್ರ ತಣ್ಣಗಾಯಿತು — ಅಂದು ಅವರ ಹಣೆ ಮುಟ್ಟಿದಾಗ ಆಗಿದ್ದಂತೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಮೊದಲ ಬಸ್ಸಿಗೆ ಬಂದು, ನಾನೇ ನಿಮ್ಮ ಮುಂದೆ ಓದುತ್ತೇನೆ. ನಾಣ್ಯವನ್ನು ನಿಮ್ಮ ಕೈಗಿಡುತ್ತೇನೆ. ನಿಮ್ಮ ಹಣೆ ಮುಟ್ಟುವ ಕೈ ಯಾರದ್ದೆಂದು ಆಮೇಲೆ ನೀವೇ ಹೇಳಿ.

ಎರಡೂ ನಾಣ್ಯ ಈಗ ಮಣ್ಣಿನ ಮೇಲೇ ಇವೆ. ರುದ್ರಣ್ಣ ತೋಟದ ಮೂಲೆಯ ಮಣ್ಣಿನೊಳಗೆ, ಹಣೆಯ ಮೇಲೆ ಹತ್ತು ಪೈಸೆ ಇಟ್ಟುಕೊಂಡು, ನಿಮ್ಮ ದಾರಿ ನೋಡುತ್ತ ಕೂತಿದ್ದಾರೆ.