ಮುಚ್ಚಳಕ್ಕೆ ಕಟ್ಟಿದ ಟವಲು

ಎಡಪ್ಪಾಡಿಯ ಮಗ್ಗದ ಶೆಡ್ಡಿನ ಹಿಂಬಾಗಿಲಲ್ಲಿ, ಜನರೇಟರಿನಿಂದ ನಾಲ್ಕು ಹೆಜ್ಜೆ ಆಚೆ ನಾನು ನಿಂತಿದ್ದೆ. ಹನ್ನೊಂದು ವರ್ಷದ ಹಿಂದಿನ ಆಡಿ ತಿಂಗಳು, ಅಂದರೆ ಹೊಸದಕ್ಕೆ ಆಗದ ಆಷಾಢ, ಮಂಗಳವಾರ, ಬೆಳಿಗ್ಗೆ ಹತ್ತೂಕಾಲು. ಕೈಯಲ್ಲಿ ಟೀ ಲೋಟವಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಕಥೆ ಹೇಳಿದವರಲ್ಲಿ ಹೆಚ್ಚಿನವರು ಅಲ್ಲಿ ಇರಲೇ ಇಲ್ಲ.

ನೆನಪು ಕೆದಕಿದ್ದು ಮೊನ್ನೆಯ ಒಂದು ವಾಸನೆ. ಅದಿಯಮಾನ್‌ಕೋಟೆಯ ವರ್ಕ್‌ಶಾಪಿನಲ್ಲಿ ನನ್ನ ಹಳೆಯ ಡೀಸೆಲ್ ವ್ಯಾನಿನ ಬಿರುಕು ಬಿಟ್ಟ ಥರ್ಮೋಸ್ಟಾಟ್ ಹೌಸಿಂಗ್ ಬಿಚ್ಚಿದರು. ಇಂಜಿನ್ ತಂಪಿಡುವ ಕೂಲೆಂಟಿನ ಆ ಸಿಹಿ ವಾಸನೆಗೆ ಎರಡು ಹೆಜ್ಜೆ ಹಿಂದೆ ಸರಿದೆ. ಹೌಸಿಂಗ್ ಎಂಬ ಈ ಸಾಮಾನು ನಿಮಗೆ ಗೊತ್ತಿರಲಿಕ್ಕಿಲ್ಲ. ಇಂಜಿನ್ನಿನ ಕಾದ ನೀರು ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ಒಂದು ಕವಾಟವಿದೆ. ಅದು ಕೂರುವ ಅಂಗೈಯಗಲದ ಅಲ್ಯೂಮಿನಿಯಂ ಗೂಡು ಇದು.

ಶೆಡ್ಡಿನ ಜನರೇಟರ್ ನೋಡಿಕೊಳ್ಳುತ್ತಿದ್ದವನು ಚೌಡಣ್ಣ. ಇಂಜಿನ್ ಓಡುವಷ್ಟು ಹೊತ್ತೂ ರೇಡಿಯೇಟರಿನ ಮುಚ್ಚಳಕ್ಕೆ ತನ್ನ ಟವಲನ್ನು ಗಂಟು ಹಾಕಿ ಕಟ್ಟಿರುತ್ತಿದ್ದ, ಯಾರೂ ಮುಟ್ಟದಿರಲೆಂದು.

"ಮದುವೆ ಗಂಡಿಗೆ ಪೇಟ ಸುತ್ತಿದಂಗೈತಲ್ಲಣ್ಣ" ಎಂದು ನಾನು ನಗುತ್ತಿದ್ದೆ.

"ನಗು ಲೇ. ಬಿಸಿನೀರು ಮೊಕಕ್ಕೆ ಒಡೆದ್ರೆ ನಿನ್ನೆಂಡ್ರೇ ನಿನ್ನ ಗುರ್ತಿಡಿಯಕಿಲ್ಲ."

ಹೌಸಿಂಗ್ ಬಿರುಕು ಬಿಟ್ಟಿದೆಯೆಂದು ಅವನು ಹೇಳಿ ಹೇಳಿ ಓನರು ಹೊಸದನ್ನು ತಂದರು. ತಂದು, ಕುಂಕುಮವಿಟ್ಟು, ದೇವರ ಪಟದ ಕೆಳಗೆ ಇಟ್ಟರು.

"ಆಡೀಲಿ ಓಸ ಸಾಮಾನು ಆಕ್ಬಾರ್ದು ಚೌಡಣ್ಣ. ಮುಂದಿನ ತಿಂಗ್ಳು ಆವಣಿ ಬರ್ಲಿ, ಪಂಚಾಂಗದಾಗೆ ನಲ್ಲ ನಾಳ್ ನೋಡಿ ಆಕಾನ."

"ಇಂಜಿನ್ನು ಪಂಚಾಂಗ ನೋಡ್ತೈತಾ ಸಾಮಿ? ಅದ್ವರ್ಗೂ ನಿಲ್ಸಿಬುಡಾನ."

"ನಿಲ್ಸಿದ್ರೆ ಬಟ್ಟೆಯಂಗ್ಡಿಯೋರ ಆಡಿ ಸೇಲ್ ಆರ್ಡರು ನಿಮ್ಮಪ್ಪ ನೇಯ್ತಾನಾ?"

ಹೊಸದು ಹಾಕಲು ಆಡಿ ಆಗದು, ಒಡೆದದ್ದನ್ನು ಓಡಿಸಲು ಆಗುತ್ತದೆ! ಚೌಡಣ್ಣ ಬಿರುಕಿಗೆ ಅಂಟು ಮೆತ್ತಿದ.

ಆ ಮಂಗಳವಾರ ಹತ್ತೂಕಾಲಿಗೆ ತೆಂಗಿನಕಾಯಿ ಒಡೆದಷ್ಟೇ ಸದ್ದಾಯಿತು. ಹೌಸಿಂಗಿನ ಬದಿಯಿಂದ ಹಬೆ ಅಡ್ಡಲಾಗಿ ನುಗ್ಗಿತು. ಬೆಲ್ಟ್ ನೋಡಲು ಬಾಗಿದ್ದ ಚೌಡಣ್ಣನ ಬಲಗೆನ್ನೆ, ಕುತ್ತಿಗೆ, ತೋಳು ಬೆಂದವು. ಅವನು ಮೊದಲು ಇಂಜಿನ್ ನಿಲ್ಲಿಸಿದ. ಆಮೇಲೆ ನೆಲಕ್ಕೆ ಕೂತ. ನಾನೋ, ಟೀ ಲೋಟ ಇಡಲು ಸಮನಾದ ಜಾಗ ಹುಡುಕುತ್ತಿದ್ದೆ.

ಒಳಗೆ ನೂಲು ಸುತ್ತುತ್ತಿದ್ದ ನಾಗಮ್ಮಕ್ಕ ಓಡಿಬಂದು ಅವನ ಮೇಲೆ ಕೊಡದ ನೀರು ಸುರಿದಳು. ಮುಚ್ಚಳದ ಟವಲು ಬಿಚ್ಚಿ, "ನೆನೆಸ್ಕಂಡು ಬಾರ್ಲಾ" ಎಂದು ನನ್ನತ್ತ ಎಸೆದಳು. ಅದು ಬೆಚ್ಚಗಿತ್ತು. ಒಂದು ಹನಿ ನೀರೂ ತಾಗಿರಲಿಲ್ಲ. ಮುಚ್ಚಳ ಬಿಗಿಯಾಗಿಯೇ ಇತ್ತು.

ಓನರು ಬಂದದ್ದು ಹನ್ನೊಂದಕ್ಕೆ. "ಇಂಜಿನ್ನು ಸೂಡಾಗಿ ಕುದೀತಿರೋವಾಗ ಮುಚ್ಚಳ ತಗ್ದವ್ನೆ, ಕುಡ್ಕ" ಎಂದರು. ಚೌಡಣ್ಣ ಟೀ ಬಿಟ್ಟು ಬೇರೇನೂ ಕುಡಿದವನಲ್ಲ. ಆದರೂ ಆ ಮಾತೇ ಊರೆಲ್ಲ ಹಬ್ಬಿತು. ನಾನು ನೇಯುತ್ತಿದ್ದದ್ದು ಅವರ ಮಗ್ಗದಲ್ಲೇ, ಬಾಯಿ ಬಿಡಲಿಲ್ಲ. ಮರುದಿನ, ಅದೇ ಆಡಿಯಲ್ಲಿ, ಕುಂಕುಮ ಒರೆಸಿ ಹೊಸ ಹೌಸಿಂಗ್ ಹಾಕಿದರು. ಯಾರೂ ಪಂಚಾಂಗ ತೆಗೆಯಲಿಲ್ಲ.

ಹೋದ ವರ್ಷ ಚೌಡಣ್ಣ ತೀರಿಕೊಂಡ. ತಿಥಿಯ ಊಟದಲ್ಲಿ ಅವನ ಮಗನೇ, "ಅಪ್ಪ ಮುಚ್ಚಳ ತಗ್ದು ಸುಟ್ಕಂಡ್ರು" ಎಂದು ಯಾರಿಗೋ ಹೇಳುತ್ತಿದ್ದ. ನಾನು ಆಗಲೂ ಅನ್ನ ಕಲಸುತ್ತಾ ಕೂತಿದ್ದೆ.

ಮೊನ್ನೆ ಮೆಕ್ಯಾನಿಕ್ಕು ಹಳೆಯ ಗ್ಯಾಸ್ಕೆಟ್ ಕೆರೆಯುತ್ತಾ ಕೇಳಿದ: "ಸಾರ್, ಆಡಿ ನಡೀತೈತೆ. ಸದ್ಯಕ್ಕೆ ಹಳೇದಕ್ಕೇ ಅಂಟು ಆಕ್ಲಾ?"

"ಹೊಸದು ಹಾಕು. ಈಗಲೇ!"

ವರ್ಕ್‌ಶಾಪಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ದನಿ ಹನ್ನೊಂದು ವರ್ಷ ತಡವಾಗಿತ್ತು.

ಬೋಲ್ಟು ಬಿಗಿಯಾದ ಮೇಲೆ ನೇರ ಎಡಪ್ಪಾಡಿಗೆ ಹೋಗಿ ಚೌಡಣ್ಣನ ಮಗನಿಗೆ ಎಲ್ಲ ಹೇಳಿದೆ. ಅವನು, "ಬೇರೆ ಯಾರ್ ನೋಡವ್ರೆ?" ಎಂದ.

ನಾಗಮ್ಮಕ್ಕ ನೋಡಿದ್ದಾಳೆ. ಬದುಕಿದ್ದಾಳೆ, ಅದೇ ಬೀದಿಯಲ್ಲಿ. ನೀವೂ ಹೋಗಿ ಕೇಳಿ: ಹಬೆ ನುಗ್ಗಿದ ಮೇಲೂ ಬಿಗಿಯಾಗಿದ್ದ ಟವಲಿನ ಆ ಗಂಟು ಕೈಗೆ ಬರದೆ, ಹಲ್ಲಿನಿಂದ ಬಿಚ್ಚಿದ್ದಳು.