ಹಿಲ್ಕಾಳ ವರದಿಗೆ ಓದುಗರು ಸಿಕ್ಕಿದ್ದು

ಫಿನ್ಲೆಂಡಿನ ಸುರ್ವಲಹ್ತಿ ಪುರಸಭೆಯ ಲೆಕ್ಕ ನೋಡಿಕೊಳ್ಳುತ್ತಿದ್ದ ಹಿಲ್ಕಾ ಎರಡು ಸಲ ಮದುವೆಯಾಗಿದ್ದಳು, ಎರಡು ಸಲವೂ ಸಾಕುಸಾಕಾಗಿ ಬಿಟ್ಟಿದ್ದಳು. ವಾರ್ಷಿಕ ಹಣಕಾಸು ವರದಿಯ ಮೇಲಿನ ಪ್ರೀತಿ ಮಾತ್ರ ಮಾಸಿರಲಿಲ್ಲ. ಪ್ರತಿ ವಸಂತದಲ್ಲೂ ಇಟ್ಟಿಗೆಯಂಥ ಒಂದು ಪುಸ್ತಕ ಹೊರತರುತ್ತಿದ್ದಳು. ಸದಸ್ಯರು ಅದರ ಮೇಲೆ ಕಾಫಿ ಲೋಟವಿಟ್ಟು, ಏಲಕ್ಕಿ ಬನ್ನು ಮುಗಿಸಿ, ಕೈಯೆತ್ತಿ ಒಪ್ಪಿ ಮನೆಗೆ ಹೋಗುತ್ತಿದ್ದರು.

ಒಂದು ಶನಿವಾರ ಪಕ್ಕದ ಮನೆಯ ಔನೆ ಅವಳನ್ನು ಸೌನಾಕ್ಕೆ, ಅಂದರೆ ಸೌದೆ ಒಲೆಯ ಬಿಸಿಕೋಣೆಯ ಹಬೆಸ್ನಾನಕ್ಕೆ, ಕರೆದಳು. ಇಬ್ಬರೂ ಹುಟ್ಟುಡುಗೆಯಲ್ಲಿ ಕೂತು ಬೆವರುತ್ತಿದ್ದಾಗ ಔನೆ ಹೇಳಿದಳು: "ನಿನ್ನ ಪುಸ್ತಕ ಚೆನ್ನಾಗಿ ಉರಿಯತ್ತೆ ಕಣೇ. ರಟ್ಟು ಮಾತ್ರ ಬರೀ ಹೊಗೆ."

"ಒಲೆಗೆ ಹಾಕಿದ್ಯಾ? ಅದರಲ್ಲಿ ಊರಿನ ಸಮಸ್ತ ಲೆಕ್ಕ ಇದೆ, ಮೂಳಿ!"

"ಹಾಗಾದ್ರೆ ಹೇಳು, ಈಜುಕೊಳ ಮುಚ್ತಾರೋ ಇಲ್ವೋ?"

"ಸ್ಥಿರಾಸ್ತಿಯ ಸವಕಳಿಯ ದೃಷ್ಟಿಯಿಂದ..."

"ಬೈಗುಳ ಬೇಡ ಮಾರಾಯ್ತಿ. ಮುಚ್ತಾರೋ ಇಲ್ವೋ?"

ಹಿಲ್ಕಾ ಒಲೆಯ ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದಳು. ಅವಳಿಗೇ ಗೊತ್ತಿರಲಿಲ್ಲ.

ಸೋಮವಾರ ತನ್ನದೇ ಪುಸ್ತಕವನ್ನು ಪರರ ಪುಸ್ತಕದಂತೆ ಓದಿ ನೋಡಿದಳು. ಮೂರು ಸಲ ಆಕಳಿಕೆ ಬಂತು. ಕೊನೆಗೆ ಎಲ್ಲ ಪಕ್ಕಕ್ಕೆ ತಳ್ಳಿ ನಾಲ್ಕೇ ಪುಟ ಬರೆದಳು: ನಿಮ್ಮಿಂದ ಎಷ್ಟು ತೆಗೆದುಕೊಂಡೆವು, ಎಲ್ಲಿಗೆ ಹೋಯಿತು, ಯಾವ ಭರವಸೆಗೆ ಗಂಟಿನಲ್ಲಿ ಕಾಸಿಲ್ಲ. ಈಜುಕೊಳದ ಮಾಡು ಕೊಳೆತಿದೆ, ರಿಪೇರಿಗೆ ದುಡ್ಡಿಲ್ಲ. ಪುರಸಭೆಯ ಹೊಸ ಗಾಜಿನ ಮುಂಬಾಗಿಲಿಗೆ ಇದೆ.

ಮುಖ್ಯಾಧಿಕಾರಿ ರೇಯೊ ಓದಿ ಬೆವರಿದ. "ಏನಮ್ಮಾ ಇದು? ಯಾರಿಗೆ ಬೇಕಾದ್ರೂ ಅರ್ಥ ಆಗೋ ಹಾಗಿದೆಯಲ್ಲ!"

"ವರದಿ ಕೊಡಿ ಅಂತ ಕಾನೂನಿದೆ ಸಾರ್. ನಿದ್ದೆ ಬರಿಸಿ ಅಂತ ಎಲ್ಲೂ ಬರೆದಿಲ್ಲ."

ನಾಲ್ಕು ಪುಟಗಳನ್ನು ಮನೆಮನೆಗೆ ಹಂಚಿದರು. ಸಭೆಯ ದಿನ ಕುರ್ಚಿ ಸಾಲದೆ ಜನ ಕಿಟಕಿಕಟ್ಟೆಯ ಮೇಲೆ ಕೂತರು. ಬನ್ನುಗಳು ಸಭೆಗೆ ಮೊದಲೇ ಖಾಲಿಯಾದವು. ಮಾತು ಕಡಿಮೆಯ ಊರು ಆವತ್ತು ಗಂಟಲು ಹರಿಯುವಂತೆ ಕೂಗಾಡಿತು. ಗಾಜಿನ ಬಾಗಿಲಿನ ಯೋಜನೆ ಬಿದ್ದುಹೋಯಿತು, ಕೊಳದ ಮಾಡಿಗೆ ಹಣ ಸಿಕ್ಕಿತು. ರೇಯೊ ಒಂದು ತಿಂಗಳು ಅವಳೊಂದಿಗೆ ಹವಾಮಾನದ ಬಗ್ಗೆಯೂ ಮಾತಾಡಲಿಲ್ಲ.

ಹಿಲ್ಕಾಳಿಗೆ ಹೆಮ್ಮೆಯಾದದ್ದು ನಿಜ, ನೆಮ್ಮದಿ ಹೋದದ್ದೂ ನಿಜ. ಮೀನಿನಂಗಡಿಯಲ್ಲಿ, ಬಸ್ಸಿನಲ್ಲಿ, ಮಾಜಿ ಗಂಡನ ಹುಟ್ಟುಹಬ್ಬದಲ್ಲಿ ಕೂಡ ಪ್ರಶ್ನೆಗಳು. ಮೊನ್ನೆ ಹಲ್ಲಿನ ಡಾಕ್ಟರು ಅವಳ ಬಾಯೊಳಗೆ ಎರಡೂ ಕೈ ಹಾಕಿಕೊಂಡು, "ಬೀದಿದೀಪದ ಖರ್ಚು ಯಾಕಮ್ಮಾ ಅಷ್ಟೊಂದು?" ಎಂದು ಕೇಳಿದರು.

ಬಾಯ್ತುಂಬ ಹತ್ತಿಯಿದ್ದರೂ ಹಿಲ್ಕಾ ಉತ್ತರ ಶುರುಮಾಡಿಯೇಬಿಟ್ಟಳು.