ಮಧ್ಯಾಹ್ನದ ನಲ್ಲಿ ನೀರು ಮತ್ತು ಅರ್ಧ ಆರ್ಡರ್

ಹೊಳಲ್ಕೆರೆಯ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ನಾನು ರಸಾಯನಶಾಸ್ತ್ರ ಹೇಳಲು ಶುರು ಮಾಡಿ ಬಹಳ ವರ್ಷವಾಯಿತು. ಪ್ರತಿ ವರ್ಷವೂ ಒಂದು ಮಾತನ್ನು ಮೇಜು ಕುಟ್ಟಿ ಹೇಳುತ್ತೇನೆ: ರೇಟ್ ಲಾ, ಅಂದರೆ ಕ್ರಿಯೆಯ ವೇಗದ ನಿಯಮ, ಸಮೀಕರಣ ನೋಡಿ ಬರೆಯುವಂಥದ್ದಲ್ಲ, ಪ್ರಯೋಗ ಮಾಡಿಯೇ ತಿಳಿಯಬೇಕು. ಒಂದು ಪದಾರ್ಥವನ್ನು ಎರಡರಷ್ಟು ಹಾಕಿದಾಗ ಕ್ರಿಯೆಯ ವೇಗವೂ ಎರಡರಷ್ಟಾದರೆ ಅದರ ಆರ್ಡರ್ ಒಂದು, ನಾಲ್ಕರಷ್ಟಾದರೆ ಎರಡು, ವೇಗ ಅಲ್ಲಾಡದೆ ಇದ್ದರೆ ಸೊನ್ನೆ. ಮೇಜು ಕುಟ್ಟಿದ ಮೇಲೆ ಉತ್ತರವನ್ನು ನಾನೇ ಬೋರ್ಡಿನ ಮೇಲೆ ಬರೆದುಬಿಡುತ್ತೇನೆ. ಸಿಲಬಸ್ ಮುಗಿಯಬೇಕಲ್ಲ.

ಪ್ರಯೋಗ ಸುಲಭದ್ದು. ಕಾಗದದ ಮೇಲೆ ಒಂದು ಗುಣಾಕಾರದ ಗುರುತು ಹಾಕಿ, ಅದರ ಮೇಲೆ ಬೀಕರ್ ಇಟ್ಟು, ಹೈಪೋ ಎಂಬ ಉಪ್ಪಿನ ದ್ರಾವಣಕ್ಕೆ ಆಸಿಡ್ ಸುರಿಯಬೇಕು. ಗಂಧಕ ಬಿಟ್ಟುಕೊಂಡು, ಎಲ್ಲ ಹಾಲಿನಂತಾಗಿ, ಗುರುತು ಮರೆಯಾಗುವವರೆಗೆ ಸ್ಟಾಪ್‌ವಾಚ್ ಓಡಿಸಬೇಕು. ಆಮೇಲೆ ಹೈಪೋ ಕಡಿಮೆ ಮಾಡುತ್ತ, ಕಡಿಮೆಯಾದಷ್ಟು ನೀರು ಸೇರಿಸುತ್ತ, ಮತ್ತೆ ಮತ್ತೆ ಅದೇ ಕೆಲಸ. ಹೈಪೋವಿನ ಆರ್ಡರ್ ಒಂದು ಬರಬೇಕು. ನಮ್ಮಲ್ಲಿ ಬಂದೇ ಬರುತ್ತದೆ, ಏಕೆಂದರೆ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕಗಳು ಯಾರ ಮನೆಯಲ್ಲೂ ರದ್ದಿಗೆ ಹೋಗುವುದಿಲ್ಲ.

ಈ ಸಲ ಪ್ರಿಪರೇಟರಿ ಪ್ರಾಕ್ಟಿಕಲ್‌ನ ಮಧ್ಯಾಹ್ನದ ಬ್ಯಾಚಿನಲ್ಲಿ ಎಲ್ಲರಿಗೂ ಒಂದು ಬಂತು, ಒಬ್ಬಳಿಗೆ ಮಾತ್ರ ಅರ್ಧ ಬಂತು. ಚಿಕ್ಕಜಾಜೂರು ಕಡೆಯಿಂದ ಬಸ್ಸಿಗೆ ಬರುವ, ಕುರಿ ಸಾಕಿದ ಮನೆಯ ಹುಡುಗಿ. ಸಂಜೆ ಎಣಿಸಿದ ಕುರಿಗಳ ತಲೆ ಬೆಳಗಿನ ಲೆಕ್ಕಕ್ಕೆ ತಾಳೆಯಾಗದಿದ್ದರೆ, ತಾಳೆಯಾಯಿತು ಎಂದುಕೊಂಡು ಮಲಗುವ ಮನೆಯಲ್ಲ ಅದು. ನಾನು ಎಲ್ಲರೆದುರಿಗೆ ಅವಳ ಹಾಳೆ ಎತ್ತಿ ಹಿಡಿದು, ಏನಮ್ಮ, ಹೊಸ ರಸಾಯನಶಾಸ್ತ್ರ ಕಂಡುಹಿಡಿದೆಯಾ ಎಂದು ಕೇಳಿದೆ. ಮಕ್ಕಳು ನಕ್ಕರು. ಅರ್ಧವನ್ನು ಹೊಡೆದುಹಾಕಿ ಒಂದು ಎಂದು ಬರೆಯಲು ಹೇಳಿದೆ.

"ಮೂರು ಸಲ ಮಾಡಿ ನೋಡ್ದೆ ಸರ್, ಅರ್ಧಾನೇ ಬರ್ತೈತೆ. ಮಾಡಿ ನೋಡೇ ಬರೀಬೇಕು ಅಂತ ನೀವೇ ಹೇಳಿದ್ರಿ" ಎಂದಳು.

ನನ್ನ ಮಾತನ್ನು ನನಗೇ ತಿರುಗಿಸಿದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಹತ್ತಕ್ಕೆ ಎರಡು ಅಂಕ ಹಾಕಿ ಕಳಿಸಿದೆ.

ಎಲ್ಲರೂ ಹೋದ ಮೇಲೆ ಕೈ ತೊಳೆಯಲು ನಲ್ಲಿ ತಿರುಗಿಸಿದರೆ ಕೈ ಚುರ್ ಎಂದಿತು. ಈ ನೀರು ಕಾಯಿಸಿದವರು ಯಾರು ಎಂದು ಗೊಣಗಿದೆ. ನನಗಿಂತ ಹಿರಿಯರಾದ ಲ್ಯಾಬಿನ ಅಟೆಂಡರ್ ತಮ್ಮ ಊಟದ ಡಬ್ಬಿ ಹಿಡಿದು ಪಕ್ಕಕ್ಕೆ ಬಂದರು.

"ಮಧ್ಯಾಹ್ನ ಈ ನಲ್ಲಿ ಹಿಂಗೇ ಸರ್. ಮೇಲೆ ಕರೇ ಟ್ಯಾಂಕು ಕಾದಿರ್ತೈತೆ. ಅದಕ್ಕೇ ನಾನು ಡಬ್ಬಿ ಈಗ ತೊಳೆಯೋದು. ತಣ್ಣೀರಾಗೆ ಜಿಡ್ಡು ಬಿಡಾಕೆ ಹೊತ್ತು ಹಿಡೀತೈತೆ."

ನೀರು ಬಟ್ಟಿ ಇಳಿಸುವ ಯಂತ್ರ ಕೆಟ್ಟಾಗಿನಿಂದ, ಡಿಸ್ಟಿಲ್ಡ್ ವಾಟರ್ ಎಂದು ಚೀಟಿ ಅಂಟಿಸಿದ ಬಾಟಲಿಗಳಿಗೆ ಇದೇ ನಲ್ಲಿಯ ನೀರು ತುಂಬುವುದು ನಮಗೆಲ್ಲ ಗೊತ್ತಿದ್ದ ಗುಟ್ಟು. ಹೈಪೋ ಕಡಿಮೆಯಾದಷ್ಟೂ ಅವಳು ಬಿಸಿನೀರು ಹೆಚ್ಚು ಹಾಕಿದ್ದಳು. ಕ್ರಿಯೆ ನಿಧಾನವಾಗಬೇಕಾದ ಕಡೆ ಬಿಸಿ ಅದನ್ನು ಮುಂದಕ್ಕೆ ತಳ್ಳಿತ್ತು. ಎಷ್ಟೋ ವರ್ಷಗಳಿಂದ ಕೈಯಾರೆ ಮಾಡದಿದ್ದ ಆ ಪ್ರಯೋಗವನ್ನು ಆಗಲೇ ಅದೇ ನೀರಿನಲ್ಲಿ ನಾನೇ ಮಾಡಿದೆ. ಅರ್ಧಕ್ಕೆ ಹತ್ತಿರ ಬಂತು. ಹಾಗಾದರೆ ಆ ಮಧ್ಯಾಹ್ನ ಆ ನೀರಿನಲ್ಲಿ ಒಂದು ಎಂದು ಬರೆದವರೆಲ್ಲ ಸುಳ್ಳು ಬರೆದಿದ್ದರು, ನಾನು ಅವರಿಗೆಲ್ಲ ಹತ್ತಕ್ಕೆ ಹತ್ತು ಕೊಟ್ಟಿದ್ದೆ. ಜಿಡ್ಡಿನ ಡಬ್ಬಿ ತೊಳೆಯುವವರಿಗೆ ಗೊತ್ತಿದ್ದದ್ದು ನನಗೆ ಹೊಳೆದಿರಲಿಲ್ಲವೆಂದು ಬಹಳ ನಾಚಿಕೆಯಾಯಿತು.

ಮಾರನೇ ದಿನ ಅವಳನ್ನು ಸ್ಟಾಫ್ ರೂಮಿಗೆ ಕರೆಸಿ, ನೀರಿನ ಕಥೆ ಹೇಳಿ, ಅಂಕ ತಿದ್ದಿದೆ. ಮಿಕ್ಕವರ ಅಂಕ ಮುಟ್ಟಲಿಲ್ಲ. ಮುಟ್ಟಿದರೆ ನನ್ನದನ್ನೂ ಕಳೆಯಬೇಕಾಗುತ್ತಿತ್ತು. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಆದರೂ ಅವಳ ಮುಖ ಅರಳಿತು. ಆಮೇಲೆ ಕೇಳಿದಳು, "ಫೈನಲ್‌ನಾಗೂ ಹಿಂಗೇ ಬಂದ್ರೆ ಏನ್ ಬರೀಲಿ ಸರ್?"

ಹೊರಗಿನಿಂದ ಬರುವ ಪರೀಕ್ಷಕರು ನಲ್ಲಿ ಮುಟ್ಟಿ ನೋಡುವುದಿಲ್ಲ. ಹಿರಿಯೂರು, ಹೊಸದುರ್ಗ ಎಂದು ನಾನೂ ಪರೀಕ್ಷಕನಾಗಿ ಹೋಗಿ, ಮುಟ್ಟದೆ ಬಂದವನೇ.

"ಒಂದು ಅಂತ ಬರಿಯಮ್ಮ" ಎಂದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, ತಲೆಯಾಡಿಸಿ ಹೋದಳು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಅಂದುಕೊಂಡಿರಬೇಕು.

ಆ ನೋಟ ನನ್ನನ್ನು ಬಿಡಲಿಲ್ಲ. ಫೈನಲ್‌ನ ಹಿಂದಿನ ದಿನ ಎರಡು ಬಕೆಟ್ ನೀರು ತುಂಬಿಸಿ, ಹೈಪೋ ಬಾಟಲಿಗಳ ಪಕ್ಕದಲ್ಲೇ ಇಡಿಸಿದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ನೀರೂ ಹೈಪೋವೂ ಒಂದೇ ಹದದ ಬಿಸಿಯಲ್ಲಿರುತ್ತವೆ, ನಿಜವಾಗಿ ಅಳೆದವರಿಗೂ ಆರ್ಡರ್ ಒಂದು ಎಂದೇ ಬರುತ್ತದೆ. ಅವಳಿಗೆ ಮುಂಚೆ ಹೇಳಲಿಲ್ಲ. ತಾನೇ ಅಳೆದು ತಿಳಿದು ಖುಷಿಪಡಲಿ ಎಂದುಕೊಂಡು, ದೊಡ್ಡ ಪ್ರಾಯಶ್ಚಿತ್ತ ಮಾಡಿದವನಂತೆ ಹಿಗ್ಗಿದೆ.

ಆ ದಿನ ಅವಳು ಎಲ್ಲರಿಗಿಂತ ಮೊದಲು ಹಾಳೆ ಕೊಟ್ಟು ಹೋದಳು. ಆರ್ಡರ್ ಒಂದು, ಗ್ರಾಫಿನ ಗೆರೆ ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಪರೀಕ್ಷಕರು ಮೆಚ್ಚಿ ನನಗೂ ತೋರಿಸಿದರು. ನಾನು ಎದ್ದು ಅವಳ ಮೇಜಿನ ಹತ್ತಿರ ಹೋದೆ. ಬೀಕರ್ ಒದ್ದೆಯಾಗಿರಲೇ ಇಲ್ಲ. ಸ್ಟಾಪ್‌ವಾಚ್ ಸೊನ್ನೆಯಲ್ಲಿತ್ತು.